ಪ್ರೋಗ್ರಾಂನಲ್ಲಿ ಬಳಸದೇ ಉಳಿದ ಕೋಡ್ ಏನಾಗುತ್ತದೆ? ಲಿಂಕರ್ ಅದನ್ನು ಹೇಗೆ ಹುಡುಕಿ ತೆಗೆಯುತ್ತದೆ?

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಾಗಿ ಕಾಣಸಿಗುವ ಆರ್ಡುಯಿನೊ ಉನೊ ಬೋರ್ಡ್ ನಿಮಗೆ ಗೊತ್ತಿರಬಹುದು. ಅದರಲ್ಲಿ ಪ್ರೋಗ್ರಾಂ ಇಡಲು ಇರುವ ಜಾಗ ಕೇವಲ 32 ಕಿಲೋಬೈಟ್. ಬೂಟ್‌ಲೋಡರ್‌ಗೆ ಅರ್ಧ ಕಿಲೋಬೈಟ್ ಹೋದರೆ ನಮ್ಮ ಕೈಗೆ ಉಳಿಯುವುದು 32,256 ಬೈಟ್. ಮೊಬೈಲ್‌ನಲ್ಲಿ ತೆಗೆದ ಒಂದೇ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ಇಷ್ಟು ಚಿಕ್ಕ ಜಾಗದಲ್ಲಿ ಪ್ರೋಗ್ರಾಂ ಓಡುತ್ತದೆ. ಎಲ್‌ಇಡಿ ಮಿನುಗಿಸುವ ಸರಳ ಪ್ರೋಗ್ರಾಂ ಒಂದು ಕಿಲೋಬೈಟ್‌ಗಿಂತ ಕಡಿಮೆ ಜಾಗದಲ್ಲಿ ಮುಗಿಯುತ್ತದೆ.

ಇಲ್ಲೊಂದು ಪ್ರಶ್ನೆ ಇದೆ. ಆರ್ಡುಯಿನೊ ಜೊತೆ ಬರುವ ಲೈಬ್ರರಿಗಳಲ್ಲಿ ಸೀರಿಯಲ್ ಸಂವಹನ, ಪಠ್ಯ ನಿರ್ವಹಣೆ, ಶಬ್ದ ಹೊರಡಿಸುವುದು ಹೀಗೆ ಹತ್ತಾರು ಕೆಲಸಗಳಿಗೆ ಕೋಡ್ ಇದೆ. ಅದೆಲ್ಲ ಎಲ್ಲಿ ಹೋಯಿತು? ಅದನ್ನು ಬೇಡವೆಂದು ಬಿಟ್ಟವರು ಯಾರು? ಈ ಕೆಲಸ ಮಾಡುವುದು ‘ಲಿಂಕರ್’ ಎಂಬ ತಂತ್ರಾಂಶ. ಅದು ಬೇಡದ ಕೋಡ್ ಅನ್ನು ಹೇಗೆ ಗುರುತಿಸುತ್ತದೆ, ಎಲ್ಲಿ ಎಡವುತ್ತದೆ, ಈ ಬಗ್ಗೆ ಇರುವ ತಪ್ಪು ಕಲ್ಪನೆಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಲಿಂಕರ್ ಎಂದರೇನು?

ಸಿ ಅಥವಾ ಸಿ++ ಭಾಷೆಯಲ್ಲಿ ಬರೆದ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಮೊದಲು ಕಂಪೈಲರ್ ಪ್ರತಿಯೊಂದು ಫೈಲ್ ಅನ್ನು ಪ್ರತ್ಯೇಕವಾಗಿ ಓದಿ, ಯಂತ್ರಕ್ಕೆ ಅರ್ಥವಾಗುವ ಆದೇಶಗಳಾಗಿ ಬದಲಿಸುತ್ತದೆ. ಹೀಗೆ ಸಿಗುವುದೇ ಆಬ್ಜೆಕ್ಟ್ ಫೈಲ್. ಹತ್ತು ಫೈಲ್ ಇದ್ದರೆ ಹತ್ತು ಆಬ್ಜೆಕ್ಟ್ ಫೈಲ್‌ಗಳು. ಇವುಗಳನ್ನು ಒಟ್ಟುಗೂಡಿಸಿ, ಒಂದು ಫೈಲ್‌ನಲ್ಲಿರುವ ಫಂಕ್ಷನ್ ಅನ್ನು ಇನ್ನೊಂದು ಫೈಲ್ ಕರೆದಾಗ ಸರಿಯಾದ ವಿಳಾಸ ತುಂಬಿಸಿ, ಬೇಕಾದ ಲೈಬ್ರರಿಗಳನ್ನೂ ಸೇರಿಸಿ, ಕೊನೆಗೆ ಓಡಿಸಬಹುದಾದ ಒಂದೇ ಫೈಲ್ ಮಾಡಿಕೊಡುವುದು ಲಿಂಕರ್‌ನ ಕೆಲಸ.

ಆಬ್ಜೆಕ್ಟ್ ಫೈಲ್ ಒಳಗೆ ‘ಸೆಕ್ಷನ್’ ಎಂಬ ವಿಭಾಗಗಳಿರುತ್ತವೆ. ಸಾಮಾನ್ಯವಾಗಿ ಕೋಡ್‌ಗೆ ಒಂದು, ಆರಂಭಿಕ ಬೆಲೆ ಇರುವ ಡೇಟಾಗೆ ಒಂದು, ಸೊನ್ನೆಯಿಂದ ಶುರುವಾಗುವ ಡೇಟಾಗೆ ಇನ್ನೊಂದು. ಲಿಂಕರ್‌ಗೆ ಈ ಸೆಕ್ಷನ್ ಎಂಬುದು ಒಡೆಯಲಾಗದ ಒಂದು ಗಂಟು ಇದ್ದಂತೆ. ಬೇಕಿದ್ದರೆ ಇಡೀ ಗಂಟನ್ನು ತೆಗೆದುಕೊಳ್ಳುತ್ತದೆ, ಬೇಡವಾದರೆ ಇಡೀ ಗಂಟನ್ನು ಬಿಡುತ್ತದೆ. ಗಂಟು ಬಿಚ್ಚಿ ಒಳಗಿರುವುದರಲ್ಲಿ ಅರ್ಧ ಮಾತ್ರ ತೆಗೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಈ ಮಾತು ನೆನಪಿರಲಿ.

ಬಳಸದ ಕೋಡ್ ಕಂಪೈಲರ್‌ಗೇ ಗೊತ್ತಾಗುವುದಿಲ್ಲವೇ?

‘ಬಳಸದ ಕೋಡ್ ಅನ್ನು ಕಂಪೈಲರ್ ತಾನಾಗಿಯೇ ತೆಗೆದುಬಿಡುತ್ತದೆ’ ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ಮಾತ್ರ ನಿಜ.

ಒಂದು ಫಂಕ್ಷನ್ ಆ ಫೈಲ್‌ಗೆ ಮಾತ್ರ ಸೀಮಿತ ಎಂದು ಬರೆದವರು ಹೇಳಿದ್ದರೆ (ಸಿ ಭಾಷೆಯಲ್ಲಿ ‘ಸ್ಟ್ಯಾಟಿಕ್’ ಎಂಬ ಪದದಿಂದ), ಅದನ್ನು ಆ ಫೈಲ್‌ನಲ್ಲಿ ಯಾರೂ ಬಳಸದಿದ್ದರೆ ಕಂಪೈಲರ್ ಧೈರ್ಯವಾಗಿ ತೆಗೆಯಬಲ್ಲದು. ಆದರೆ ಹಾಗೆ ಹೇಳದ ಫಂಕ್ಷನ್ ಅನ್ನು ಬೇರೆ ಯಾವ ಫೈಲ್ ಬೇಕಾದರೂ ಕರೆಯಬಹುದು. ಕಂಪೈಲರ್ ಒಂದು ಬಾರಿಗೆ ಒಂದು ಫೈಲ್ ಮಾತ್ರ ನೋಡುವುದರಿಂದ, ಹೊರಗೆ ಯಾರಾದರೂ ಕಾಯುತ್ತಿದ್ದಾರೆಯೇ ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ಅದನ್ನು ಉಳಿಸಿಕೊಳ್ಳಲೇಬೇಕು. ಎಲ್ಲ ಫೈಲ್‌ಗಳೂ ಒಟ್ಟಿಗೆ ಕಣ್ಣೆದುರು ಬರುವುದು ಲಿಂಕರ್ ಹಂತದಲ್ಲಿ. ಅದಕ್ಕೇ ಕೊನೆಯ ಗುಡಿಸುವಿಕೆ ಅಲ್ಲಿ ನಡೆಯುತ್ತದೆ.

ಮೊದಲ ಜರಡಿ: ಲೈಬ್ರರಿಯಿಂದ ಬೇಕಾದಷ್ಟೇ

ಸ್ಟ್ಯಾಟಿಕ್ ಲೈಬ್ರರಿ ಎಂದರೆ ಹಲವು ಆಬ್ಜೆಕ್ಟ್ ಫೈಲ್‌ಗಳನ್ನು ಒಂದೇ ಕಟ್ಟಿನಲ್ಲಿ ಇಟ್ಟಿರುವುದು. ಲಿಂಕರ್ ಇಡೀ ಕಟ್ಟನ್ನು ಪ್ರೋಗ್ರಾಂಗೆ ಸುರಿಯುವುದಿಲ್ಲ. ತನಗೆ ಇನ್ನೂ ವಿಳಾಸ ಸಿಗದ ಹೆಸರುಗಳ ಪಟ್ಟಿ ಹಿಡಿದುಕೊಂಡು ಹೋಗಿ, ಆ ಹೆಸರು ಯಾವ ಆಬ್ಜೆಕ್ಟ್ ಫೈಲ್‌ನಲ್ಲಿದೆಯೋ ಅದನ್ನಷ್ಟೇ ಎಳೆದುಕೊಳ್ಳುತ್ತದೆ. ಉಳಿದವು ಅಲ್ಲೇ ಉಳಿಯುತ್ತವೆ.

ಸಿ ಭಾಷೆಯ ಹಳೆಯ ಲೈಬ್ರರಿಗಳನ್ನು ಗಮನಿಸಿದರೆ, ಒಂದೊಂದು ಫಂಕ್ಷನ್‌ಗೆ ಒಂದೊಂದು ಫೈಲ್ ಇರುವುದು ಕಾಣುತ್ತದೆ. ನೋಡಿದವರಿಗೆ ಇದು ಅತಿ ಎನಿಸಬಹುದು. ಕಾರಣ ಇದೇ: ಫೈಲ್ ಚಿಕ್ಕದಾದಷ್ಟೂ ಜೊತೆಗೆ ಬರುವ ಬೇಡದ ಸಾಮಾನು ಕಡಿಮೆ.

ಎರಡನೇ ಜರಡಿ: ಬೇರಿನಿಂದ ಗುರುತು ಹಾಕುವುದು

ಆದರೆ ಎಲ್ಲರೂ ಹಾಗೆ ಬರೆಯುವುದಿಲ್ಲ. ‘ಲೆಕ್ಕ’ ಎಂಬ ಒಂದು ಫೈಲ್ ಇದೆ ಎಂದುಕೊಳ್ಳೋಣ. ಅದರಲ್ಲಿ ‘ಕೂಡು’, ‘ಗುಣಿಸು’, ‘ವರದಿ’, ‘ದೋಷ’ ಎಂಬ ನಾಲ್ಕು ಫಂಕ್ಷನ್‌ಗಳಿವೆ. ‘ವರದಿ’ಯು ‘ಗುಣಿಸು’ ಮತ್ತು ‘ದೋಷ’ ಎರಡನ್ನೂ ಕರೆಯುತ್ತದೆ. ‘ದೋಷ’ವು ತಿರುಗಿ ‘ವರದಿ’ಯನ್ನು ಕರೆಯುತ್ತದೆ, ಜೊತೆಗೆ ಪರದೆಯ ಮೇಲೆ ಮುದ್ರಿಸುವ ‘ಪ್ರಿಂಟ್‌ಎಫ್’ ಅನ್ನೂ ಬಳಸುತ್ತದೆ. ಆದರೆ ನಮ್ಮ ಮುಖ್ಯ ಪ್ರೋಗ್ರಾಂ ಕರೆಯುವುದು ‘ಕೂಡು’ ಒಂದನ್ನು ಮಾತ್ರ.

ಸಾಮಾನ್ಯ ರೀತಿಯಲ್ಲಿ ಕಂಪೈಲ್ ಮಾಡಿದರೆ ನಾಲ್ಕೂ ಫಂಕ್ಷನ್‌ಗಳು ಒಂದೇ ಸೆಕ್ಷನ್‌ನಲ್ಲಿ, ಅಂದರೆ ಒಂದೇ ಗಂಟಿನಲ್ಲಿ ಇರುತ್ತವೆ. ‘ಕೂಡು’ ಬೇಕೆಂದರೆ ನಾಲ್ಕೂ ಬರುತ್ತವೆ. ಅವುಗಳ ಹಿಂದೆ ‘ಪ್ರಿಂಟ್‌ಎಫ್’ ಬರುತ್ತದೆ. ಅದರ ಹಿಂದೆ ಅಂಕಿ-ಅಕ್ಷರಗಳನ್ನು ಜೋಡಿಸುವ ಇಡೀ ಪರಿವಾರವೇ ಬರುತ್ತದೆ. ಮೊಸರು ತರಲು ಹೋದವರು ಎಮ್ಮೆಯನ್ನೇ ಹೊಡೆದುಕೊಂಡು ಬಂದ ಹಾಗೆ.

ಇದಕ್ಕೆ ಪರಿಹಾರ ಎರಡು ಹೆಜ್ಜೆಗಳಲ್ಲಿದೆ.

ಮೊದಲನೆಯದು ಕಂಪೈಲರ್‌ಗೆ ಹೇಳುವುದು: ಪ್ರತಿ ಫಂಕ್ಷನ್ ಅನ್ನೂ ಪ್ರತಿ ಡೇಟಾವನ್ನೂ ಬೇರೆ ಬೇರೆ ಸೆಕ್ಷನ್‌ನಲ್ಲಿ ಇಡು. ಜಿಸಿಸಿ ಮತ್ತು ಕ್ಲಾಂಗ್ ಕಂಪೈಲರ್‌ಗಳಲ್ಲಿ ಇದಕ್ಕೆ ‘-ಎಫ್‌ಫಂಕ್ಷನ್-ಸೆಕ್ಷನ್ಸ್’ ಮತ್ತು ‘-ಎಫ್‌ಡೇಟಾ-ಸೆಕ್ಷನ್ಸ್’ ಎಂಬ ಆಯ್ಕೆಗಳಿವೆ. ಈಗ ಒಂದು ದೊಡ್ಡ ಗಂಟಿನ ಬದಲು ನಾಲ್ಕು ಚಿಕ್ಕ ಗಂಟುಗಳಾದವು.

ಎರಡನೆಯದು ಲಿಂಕರ್‌ಗೆ ಹೇಳುವುದು: ಬೇಡದ ಸೆಕ್ಷನ್‌ಗಳನ್ನು ಬಿಸಾಡು. ಈ ಆಯ್ಕೆಯ ಹೆಸರು ‘--ಜಿಸಿ-ಸೆಕ್ಷನ್ಸ್’. ಜಿಸಿ ಎಂದರೆ ಗಾರ್ಬೇಜ್ ಕಲೆಕ್ಷನ್, ಅಂದರೆ ಕಸ ಎತ್ತುವುದು. ಈ ಹೆಸರು ಬಂದದ್ದು ಮೆಮೊರಿ ನಿರ್ವಹಣೆಯಿಂದ. ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಳಕೆಯಲ್ಲಿಲ್ಲದ ಮೆಮೊರಿಯನ್ನು ಮರಳಿ ಪಡೆಯುವ ವಿಧಾನ ಇತ್ತು. ಲಿಂಕರ್ ಮಾಡುವುದೂ ಅದನ್ನೇ, ಮೆಮೊರಿಯ ಬದಲು ಸೆಕ್ಷನ್‌ಗಳ ಮೇಲೆ.

ಕ್ರಮ ಹೀಗಿದೆ. ಪ್ರೋಗ್ರಾಂ ಶುರುವಾಗುವ ಜಾಗವನ್ನು ‘ಬೇರು’ ಎಂದು ಹಿಡಿಯಲಾಗುತ್ತದೆ. ಅದಕ್ಕೊಂದು ಗುರುತು. ಆ ಸೆಕ್ಷನ್ ಯಾವ ಯಾವ ಹೆಸರುಗಳನ್ನು ಉಲ್ಲೇಖಿಸುತ್ತದೆ ಎಂದು ನೋಡಿ, ಅವು ಇರುವ ಸೆಕ್ಷನ್‌ಗಳಿಗೂ ಗುರುತು. ಅಲ್ಲಿಂದ ಮುಂದಕ್ಕೆ, ಮತ್ತೆ ಮುಂದಕ್ಕೆ. ಇನ್ನು ಹೊಸದಾಗಿ ಗುರುತು ಹಾಕಲು ಏನೂ ಇಲ್ಲ ಎನ್ನುವಾಗ ಕೆಲಸ ನಿಲ್ಲುತ್ತದೆ. ಗುರುತಿಲ್ಲದೆ ಉಳಿದದ್ದೆಲ್ಲ ಕಸ.

ನಮ್ಮ ಉದಾಹರಣೆಯಲ್ಲಿ ಮುಖ್ಯ ಪ್ರೋಗ್ರಾಂಗೆ ಗುರುತು, ಅದರಿಂದ ‘ಕೂಡು’ವಿಗೆ ಗುರುತು, ಅಷ್ಟೇ. ಉಳಿದ ಮೂರೂ ಹೋದವು. ಅವುಗಳನ್ನು ನಂಬಿ ಬಂದಿದ್ದ ‘ಪ್ರಿಂಟ್‌ಎಫ್’ ಸಂಸಾರವೂ, ಬೇರೆ ಯಾರೂ ಬಳಸದಿದ್ದರೆ, ಹೋಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ‘ವರದಿ’ ಮತ್ತು ‘ದೋಷ’ ಒಂದನ್ನೊಂದು ಕರೆಯುತ್ತವೆ. ‘ಇದನ್ನು ಯಾರಾದರೂ ಕರೆಯುತ್ತಾರೆಯೇ?’ ಎಂದು ಕೇಳಿದ್ದರೆ ಎರಡಕ್ಕೂ ‘ಹೌದು’ ಎಂಬ ಉತ್ತರವೇ ಬರುತ್ತಿತ್ತು, ಎರಡೂ ಉಳಿಯುತ್ತಿದ್ದವು. ಲಿಂಕರ್ ಕೇಳುವ ಪ್ರಶ್ನೆ ಬೇರೆ: ‘ಬೇರಿನಿಂದ ಹೊರಟರೆ ಇಲ್ಲಿಗೆ ತಲುಪಲು ದಾರಿ ಇದೆಯೇ?’ ಎರಡು ಹಳ್ಳಿಗಳ ನಡುವೆ ರಸ್ತೆ ಇದ್ದ ಮಾತ್ರಕ್ಕೆ ಊರಿನಿಂದ ಅಲ್ಲಿಗೆ ಬಸ್ ಹೋಗುತ್ತದೆ ಎಂದಲ್ಲವಲ್ಲ.

ಹಾಗಾದರೆ ಇದನ್ನು ಯಾವಾಗಲೂ ಏಕೆ ಬಳಸುವುದಿಲ್ಲ?

ಆರ್ಡುಯಿನೊ ತಂತ್ರಾಂಶ ಈ ಆಯ್ಕೆಗಳನ್ನು ತಾನೇ ಹಾಕಿಕೊಂಡಿರುತ್ತದೆ. ರಸ್ಟ್ ಭಾಷೆಯ ಕಂಪೈಲರ್ ಕೂಡ ಲಿಂಕರ್‌ಗೆ ಇದನ್ನು ತಾನೇ ಹೇಳುತ್ತದೆ. ಆದರೆ ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಂ ಅನ್ನು ಸುಮ್ಮನೆ ಕಂಪೈಲ್ ಮಾಡಿದರೆ ಇದು ನಡೆಯುವುದಿಲ್ಲ, ನಾವೇ ಕೇಳಬೇಕು. ಮೈಕ್ರೋಸಾಫ್ಟ್ ಲಿಂಕರ್‌ನಲ್ಲಿ ‘ಆಪ್ಟ್ ರೆಫ್’, ಆಪಲ್ ಲಿಂಕರ್‌ನಲ್ಲಿ ‘ಡೆಡ್ ಸ್ಟ್ರಿಪ್’ ಎಂಬ ಹೆಸರಿನಲ್ಲಿ ಇದೇ ಸೌಲಭ್ಯ ಇದೆ.

ಕೇಳದೆ ಮಾಡದಿರಲು ಕಾರಣಗಳಿವೆ. ಪ್ರತಿ ಫಂಕ್ಷನ್‌ಗೂ ಪ್ರತ್ಯೇಕ ಸೆಕ್ಷನ್ ಮಾಡಿದರೆ ಆಬ್ಜೆಕ್ಟ್ ಫೈಲ್‌ಗಳು ದೊಡ್ಡದಾಗುತ್ತವೆ, ಲಿಂಕ್ ಮಾಡುವ ಸಮಯ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಲಿಂಕರ್ ಕಣ್ಣಿಗೆ ಬೀಳದ ರೀತಿಯಲ್ಲಿ ಬಳಕೆಯಾಗುವ ಕೋಡ್ ಕೂಡ ಇರುತ್ತದೆ.

ಕಸವಲ್ಲದ್ದನ್ನೂ ಎಸೆದಾಗ

ಎಂಬೆಡೆಡ್ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಪರಿಚಿತವಾದ ಒಂದು ತೊಂದರೆ ಇದೆ. ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ‘ವೆಕ್ಟರ್ ಟೇಬಲ್’ ಎಂಬ ಪಟ್ಟಿ ಇರುತ್ತದೆ. ಚಿಪ್‌ಗೆ ವಿದ್ಯುತ್ ಬಂದ ಕೂಡಲೇ ಯಂತ್ರಾಂಶವೇ ಈ ಪಟ್ಟಿಯನ್ನು ಓದಿ ಎಲ್ಲಿಂದ ಶುರು ಮಾಡಬೇಕೆಂದು ತಿಳಿದುಕೊಳ್ಳುತ್ತದೆ. ಆದರೆ ಪ್ರೋಗ್ರಾಂನ ಯಾವ ಫಂಕ್ಷನ್ ಕೂಡ ಈ ಪಟ್ಟಿಯ ಹೆಸರು ಹೇಳಬೇಕೆಂದಿಲ್ಲ. ಲಿಂಕರ್ ದೃಷ್ಟಿಯಲ್ಲಿ ಅದು ಯಾರಿಗೂ ಬೇಡದ ವಸ್ತು. ಹಾಗೆಂದು ತೆಗೆದುಹಾಕಿದರೆ ಎಲ್ಲವೂ ಸರಿಯಾಗಿ ಕಂಪೈಲ್ ಆಗುತ್ತದೆ, ಯಾವ ದೋಷವೂ ತೋರುವುದಿಲ್ಲ, ಚಿಪ್ ಮಾತ್ರ ಎದ್ದೇಳುವುದಿಲ್ಲ. ಇದನ್ನು ತಪ್ಪಿಸಲು ಲಿಂಕರ್‌ಗೆ ಕೊಡುವ ಸೂಚನಾ ಫೈಲ್‌ನಲ್ಲಿ ‘ಕೀಪ್’ ಎಂದು ಬರೆದು, ಇದು ಯಾರು ಕೇಳದಿದ್ದರೂ ಇರಲಿ ಎಂದು ಹೇಳಬೇಕು.

ಆಂಡ್ರಾಯ್ಡ್ ಆ್ಯಪ್‌ಗಳಲ್ಲೂ ಇಂಥದ್ದೇ ನಡೆಯುತ್ತದೆ. ಅಲ್ಲಿ ‘ಆರ್8’ ಎಂಬ ಸಾಧನ ಬೇಡದ ಕ್ಲಾಸ್‌ಗಳನ್ನು ತೆಗೆಯುತ್ತದೆ. ಆದರೆ ಒಂದು ಕ್ಲಾಸ್ ಅನ್ನು ಅದರ ಹೆಸರಿನ ಪಠ್ಯದಿಂದ, ಪ್ರೋಗ್ರಾಂ ಓಡುವಾಗ ಹುಡುಕುವ ಪದ್ಧತಿಯೂ ಇದೆ. ಇದನ್ನು ‘ರಿಫ್ಲೆಕ್ಷನ್’ ಎನ್ನುತ್ತಾರೆ. ಆ ಹೆಸರು ಪ್ರೋಗ್ರಾಂ ಓಡುವಾಗಲೇ ತಯಾರಾಗುವಂತಿದ್ದರೆ ಸಾಧನಕ್ಕೆ ಆ ನಂಟು ಕಾಣುವುದಿಲ್ಲ. ಪರೀಕ್ಷೆಯ ಆವೃತ್ತಿಯಲ್ಲಿ ಕಸ ತೆಗೆಯುವ ಕೆಲಸ ಸಾಮಾನ್ಯವಾಗಿ ನಡೆಯುವುದಿಲ್ಲವಾದ್ದರಿಂದ, ಅಲ್ಲಿ ಚೆನ್ನಾಗಿ ಓಡಿದ ಆ್ಯಪ್ ಜನರ ಕೈಗೆ ಹೋದ ಮೇಲೆ ಮುಗ್ಗರಿಸಬಹುದು. ಹಾಗಾಗಿ ಏನನ್ನು ಉಳಿಸಬೇಕೆಂಬ ನಿಯಮಗಳನ್ನು ಬರೆದುಕೊಡಬೇಕು, ಮತ್ತು ಪರೀಕ್ಷೆಯನ್ನು ಕಸ ತೆಗೆದ ನಂತರದ ಆವೃತ್ತಿಯ ಮೇಲೆಯೇ ಮಾಡಬೇಕು.

ಕಸವನ್ನು ಉಳಿಸಿಕೊಂಡಾಗ

ಇದರ ಇನ್ನೊಂದು ಮುಖವೂ ಇದೆ. ಲಿಂಕರ್ ಎಂದಿಗೂ ಓಡದ ಕೋಡ್ ಅನ್ನೂ ಉಳಿಸಿಕೊಳ್ಳುತ್ತದೆ. ಏಕೆಂದರೆ ‘ದಾರಿ ಇದೆಯೇ’ ಎಂಬುದಷ್ಟೇ ಅದಕ್ಕೆ ಗೊತ್ತು, ಆ ದಾರಿಯಲ್ಲಿ ಯಾರಾದರೂ ಹೋಗುತ್ತಾರೆಯೇ ಎಂಬುದು ಗೊತ್ತಿಲ್ಲ. ಒಂದು ಪ್ರೋಗ್ರಾಂ ನಿರ್ದಿಷ್ಟ ಸಾಲನ್ನು ಎಂದಾದರೂ ತಲುಪುತ್ತದೆಯೇ ಎಂದು ಎಲ್ಲ ಪ್ರೋಗ್ರಾಂಗಳಿಗೂ ಅನ್ವಯಿಸುವಂತೆ ಹೇಳಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲ. 1936ರಲ್ಲಿ ಅಲನ್ ಟ್ಯೂರಿಂಗ್ ಸಾಧಿಸಿ ತೋರಿಸಿದ ಫಲಿತಾಂಶದಿಂದಲೇ ಇದು ಹೊರಡುತ್ತದೆ. ಆದ್ದರಿಂದ ಲಿಂಕರ್ ಅನುಮಾನ ಬಂದಲ್ಲಿ ಉಳಿಸಿಕೊಳ್ಳುವುದೇ ಸರಿ.

ಆರ್ಡುಯಿನೊ ಬಳಸುವವರು ಇದರ ಪರಿಣಾಮವನ್ನು ಕಂಡಿರುತ್ತಾರೆ. ಉನೊ ಬೋರ್ಡ್‌ನಲ್ಲಿ ‘ಸ್ಪ್ರಿಂಟ್‌ಎಫ್’ ಮೂಲಕ 27.5 ಎಂಬ ದಶಮಾಂಶ ಸಂಖ್ಯೆಯನ್ನು ಬರೆಯಲು ಹೋದರೆ ಸಂಖ್ಯೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಬೋರ್ಡ್ ಕೆಟ್ಟಿದೆ ಎಂದು ಎಷ್ಟೋ ಮಂದಿ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾದ ಕಾರಣ ಬೇರೆ. ದಶಮಾಂಶ ಬೇಕೋ ಬೇಡವೋ ಎಂಬ ಸೂಚನೆ ಒಂದು ಪಠ್ಯದ ಒಳಗಿರುತ್ತದೆ, ಅದನ್ನು ಓದುವುದು ಪ್ರೋಗ್ರಾಂ ಓಡುವಾಗ. ಲಿಂಕರ್ ಆ ಪಠ್ಯವನ್ನು ಓದಿ ನಿರ್ಧರಿಸಲಾರದು. ಎಲ್ಲರಿಗೂ ದಶಮಾಂಶದ ಕೋಡ್ ಸೇರಿಸಿದರೆ ಚಿಕ್ಕ ಚಿಪ್‌ನ ಜಾಗ ವ್ಯರ್ಥ. ಹಾಗಾಗಿ ಈ ಚಿಪ್‌ಗಳ ಸಿ ಲೈಬ್ರರಿಯನ್ನು ಬರೆದವರು ದಶಮಾಂಶವಿಲ್ಲದ ಆವೃತ್ತಿಯನ್ನು ಮೂಲವಾಗಿಟ್ಟು, ಬೇಕಾದವರು ಲಿಂಕ್ ಮಾಡುವಾಗ ಕೇಳಿ ಪಡೆಯುವಂತೆ ಮಾಡಿದ್ದಾರೆ.

ಲಿಂಕ್ ಹಂತದಲ್ಲೇ ಇನ್ನಷ್ಟು ಆಳವಾಗಿ ನೋಡುವ ವಿಧಾನವೂ ಇದೆ. ಅದು ‘ಲಿಂಕ್ ಟೈಮ್ ಆಪ್ಟಿಮೈಸೇಷನ್’, ಚಿಕ್ಕದಾಗಿ ಎಲ್‌ಟಿಒ. ಜಿಸಿಸಿಗೆ ಇದು 2010ರ 4.5ನೇ ಆವೃತ್ತಿಯಲ್ಲಿ ಬಂತು. ಇದರಲ್ಲಿ ಆಬ್ಜೆಕ್ಟ್ ಫೈಲ್ ಒಳಗೆ ಯಂತ್ರದ ಆದೇಶಗಳ ಬದಲು ಕಂಪೈಲರ್‌ನ ಒಳ ರೂಪವನ್ನು ಇಟ್ಟು, ಕೊನೆಯಲ್ಲಿ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಪರಿಶೀಲಿಸಲಾಗುತ್ತದೆ. ಒಂದು ಫೈಲ್‌ನಲ್ಲಿ ‘ಪರೀಕ್ಷಾ ವಿಧಾನ ಇದ್ದರೆ ಮಾತ್ರ ಇದನ್ನು ಕರೆ’ ಎಂದಿದ್ದು, ಇನ್ನೊಂದು ಫೈಲ್‌ನಲ್ಲಿ ಆ ಬೆಲೆ ಎಂದೂ ಬದಲಾಗದ ಸೊನ್ನೆ ಎಂದಿದ್ದರೆ, ಎಲ್‌ಟಿಒ ಆ ಕರೆಯನ್ನೇ ಅಳಿಸುತ್ತದೆ. ಕರೆ ಅಳಿದ ಮೇಲೆ ಕರೆಸಿಕೊಳ್ಳುತ್ತಿದ್ದ ಫಂಕ್ಷನ್‌ಗೂ ದಾರಿ ಉಳಿಯುವುದಿಲ್ಲ.

ಬಳಸದ ಕೋಡ್ ಇದ್ದರೆ ಏನು ನಷ್ಟ?

‘ಒಂದು ಮೂಲೆಯಲ್ಲಿ ಬಿದ್ದಿದ್ದರೆ ಇರಲಿ, ಅದೇನು ಅನ್ನ ಕೇಳುತ್ತದೆಯೇ?’ ಎಂದು ಕೇಳುವವರಿದ್ದಾರೆ. ಎರಡು ಘಟನೆಗಳನ್ನು ನೋಡೋಣ.

2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಅಂತರ್ಜಾಲದ ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ‘ಹಾರ್ಟ್‌ಬೀಟ್’ ಎಂಬ ಸೌಲಭ್ಯದಲ್ಲಿ ತಪ್ಪಿತ್ತು. ದಾಳಿಕೋರರು ಒಂದು ಕೋರಿಕೆಗೆ 64 ಕಿಲೋಬೈಟ್‌ವರೆಗೆ ಸರ್ವರ್‌ನ ಮೆಮೊರಿಯನ್ನು ಓದಬಹುದಿತ್ತು. ಪಾಸ್‌ವರ್ಡ್, ರಹಸ್ಯ ಕೀಲಿ ಯಾವುದೂ ಅದರಲ್ಲಿ ಸಿಗಬಹುದಿತ್ತು. ಸಾಮಾನ್ಯ ಜಾಲತಾಣವೊಂದಕ್ಕೆ ಈ ಸೌಲಭ್ಯದ ಅಗತ್ಯವೇ ಇರಲಿಲ್ಲ, ಆದರೆ ಕೋಡ್ ಮಾತ್ರ ಅಲ್ಲಿತ್ತು. ಅದನ್ನು ಬಿಟ್ಟು ಕಂಪೈಲ್ ಮಾಡುವ ಆಯ್ಕೆಯೂ ಇತ್ತು, ಹಾಗೆ ಮಾಡಿದ್ದವರಿಗೆ ಈ ದೋಷ ತಟ್ಟಲಿಲ್ಲ.

ಇನ್ನೊಂದು 2012ರ ಆಗಸ್ಟ್ 1ರಂದು ಅಮೆರಿಕದ ಷೇರುಪೇಟೆಯಲ್ಲಿ ನಡೆದದ್ದು. ನೈಟ್ ಕ್ಯಾಪಿಟಲ್ ಎಂಬ ಕಂಪನಿಯ ತಂತ್ರಾಂಶದಲ್ಲಿ 2003ರಲ್ಲೇ ಬಳಕೆ ನಿಲ್ಲಿಸಿದ್ದ ಒಂದು ಭಾಗ ಹಾಗೇ ಉಳಿದಿತ್ತು. ಹೊಸ ಸೌಲಭ್ಯಕ್ಕೆಂದು ಹಳೆಯ ಭಾಗದ ಸ್ವಿಚ್ಚನ್ನೇ ಮರುಬಳಕೆ ಮಾಡಿದ್ದರು. ಹೊಸ ಕೋಡ್ ಅನ್ನು ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಹಾಕಿ, ಒಂದನ್ನು ಮರೆತರು. ಸ್ವಿಚ್ ಒತ್ತಿದಾಗ ಎಂಟನೆಯದರಲ್ಲಿ ಹಳೆಯ ಕೋಡ್ ಎದ್ದು ಕುಳಿತಿತು. ಸುಮಾರು 45 ನಿಮಿಷಗಳಲ್ಲಿ ಲಕ್ಷಾಂತರ ವಹಿವಾಟುಗಳು ನಡೆದು, ಕಂಪನಿಗೆ 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು.

ಈ ಎರಡರಲ್ಲೂ ಲಿಂಕರ್ ನೆರವಾಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಎರಡೂ ಕಡೆ ಆ ಕೋಡ್‌ಗೆ ದಾರಿ ಇತ್ತು. ದಾರಿ ಇರುವ ತನಕ ಅದು ಲಿಂಕರ್ ಲೆಕ್ಕದಲ್ಲಿ ಬೇಕಾದ ಕೋಡ್. ಅದನ್ನು ಮುಚ್ಚಬೇಕಾದವರು ಮನುಷ್ಯರು. ವಿಮಾನದ ತಂತ್ರಾಂಶಕ್ಕೆ ಅನ್ವಯಿಸುವ ‘ಡಿಒ-178ಸಿ’ ಮಾನದಂಡ ಇದನ್ನು ಗಂಭೀರವಾಗಿ ಪರಿಗಣಿಸುತ್ತದೆ. ಯಾವ ಅಗತ್ಯಕ್ಕೂ ಸೇರದ ಕೋಡ್ ಸಿಕ್ಕರೆ ತೆಗೆಯಬೇಕು. ಉದ್ದೇಶಪೂರ್ವಕವಾಗಿ ಉಳಿಸಿದ್ದರೆ, ಅದು ಅಕಸ್ಮಾತ್ ಓಡುವುದಿಲ್ಲವೆಂದು ತೋರಿಸಬೇಕು.

ಕೆಲವು ತಪ್ಪು ಕಲ್ಪನೆಗಳು

‘ಕೋಡ್ ಕಡಿಮೆಯಾದರೆ ಪ್ರೋಗ್ರಾಂ ವೇಗವಾಗುತ್ತದೆ.’ ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಕಂಪ್ಯೂಟರ್ ಮತ್ತು ಮೊಬೈಲ್‌ಗಳಲ್ಲಿ ಕಾರ್ಯಾಚರಣ ವ್ಯವಸ್ಥೆ ಪ್ರೋಗ್ರಾಂನ ಪುಟಗಳನ್ನು ಬೇಕಾದಾಗ ಮಾತ್ರ ಮೆಮೊರಿಗೆ ತರುತ್ತದೆ. ಮುಟ್ಟದ ಕೋಡ್ ಹೆಚ್ಚಾಗಿ ಡಿಸ್ಕ್‌ನಲ್ಲೇ ಇರುತ್ತದೆ. ಉಳಿತಾಯ ಆಗುವುದು ಜಾಗ ಮತ್ತು ಡೌನ್‌ಲೋಡ್ ಗಾತ್ರ.

‘ಸ್ಟ್ರಿಪ್ ಮಾಡಿದರೂ ಇದೇ ಆಗುತ್ತದೆ.’ ಇಲ್ಲ. ‘ಸ್ಟ್ರಿಪ್’ ತೆಗೆಯುವುದು ಹೆಸರುಗಳ ಪಟ್ಟಿ ಮತ್ತು ದೋಷ ಹುಡುಕಲು ಇಟ್ಟ ಮಾಹಿತಿಯನ್ನು. ಕೋಡ್ ಹಾಗೇ ಇರುತ್ತದೆ.

‘ಡೈನಾಮಿಕ್ ಲೈಬ್ರರಿಯಲ್ಲೂ ಬಳಸದ್ದನ್ನೆಲ್ಲ ತೆಗೆಯುತ್ತದೆ.’ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಲೈಬ್ರರಿಯಲ್ಲಿ ಹೊರಗೆ ಕಾಣುವ ಪ್ರತಿ ಹೆಸರೂ ಒಂದು ಬೇರು. ನಾಳೆ ಯಾರು ಕರೆಯುತ್ತಾರೋ ಹೇಳಲಾಗದು. ಹೊರಗೆ ಕಾಣಬೇಕಾದ ಹೆಸರುಗಳನ್ನು ಮೊದಲೇ ಮಿತಗೊಳಿಸಿದರೆ ಮಾತ್ರ ಕಸ ತೆಗೆಯಲು ಅವಕಾಶ.

‘ನಾನು ಬರೆದ ಕೋಡೇ ಅಳಿದುಹೋಗುತ್ತದೆ.’ ಮೂಲ ಫೈಲ್‌ಗಳನ್ನು ಲಿಂಕರ್ ಮುಟ್ಟುವುದಿಲ್ಲ. ಬಿಡುವುದು ಕೊನೆಯ ಫೈಲ್‌ನಿಂದ ಮಾತ್ರ.

ನೀವೇ ನೋಡಬೇಕೆಂದರೆ

ಲಿನಕ್ಸ್ ಇರುವ ಯಾವ ಕಂಪ್ಯೂಟರ್‌ನಲ್ಲಾದರೂ ಇದನ್ನು ಪರೀಕ್ಷಿಸಬಹುದು. ಮೇಲಿನ ‘ಲೆಕ್ಕ’ದಂಥ ಚಿಕ್ಕ ಪ್ರೋಗ್ರಾಂ ಬರೆದು, ಒಮ್ಮೆ ಸಾಮಾನ್ಯವಾಗಿ, ಇನ್ನೊಮ್ಮೆ ಈ ಮೂರೂ ಆಯ್ಕೆಗಳೊಂದಿಗೆ ಕಂಪೈಲ್ ಮಾಡಿ. ‘ಸೈಜ್’ ಎಂಬ ಆದೇಶದಿಂದ ಎರಡರ ಗಾತ್ರ ಹೋಲಿಸಿ. ಲಿಂಕರ್‌ಗೆ ‘--ಪ್ರಿಂಟ್-ಜಿಸಿ-ಸೆಕ್ಷನ್ಸ್’ ಎಂದು ಹೇಳಿದರೆ ಏನೇನು ತೆಗೆದೆ ಎಂಬ ಪಟ್ಟಿಯನ್ನೇ ಕೊಡುತ್ತದೆ. ಆ ಪಟ್ಟಿಯನ್ನು ಒಮ್ಮೆ ಓದುವುದು ಒಳ್ಳೆಯದು. ನಿಮಗೆ ಬೇಕಾದದ್ದು ಅದರಲ್ಲಿ ಸೇರಿದ್ದರೆ ಅಲ್ಲೇ ತಿಳಿಯುತ್ತದೆ, ಚಿಪ್ ಎದ್ದೇಳದಿದ್ದಾಗ ಕಾರಣ ಹುಡುಕುತ್ತಾ ಕೂರುವುದು ತಪ್ಪುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಲಿಂಕರ್ ಬೇರಿನಿಂದ ದಾರಿ ಇಲ್ಲದ ಕೋಡ್ ಅನ್ನು ನಿಖರವಾಗಿ ತೆಗೆಯುತ್ತದೆ. ದಾರಿ ಇದ್ದೂ ಯಾರಿಗೂ ಬೇಡವಾದ ಕೋಡ್ ಅನ್ನು ಅದು ಗುರುತಿಸಲಾರದು. ಅಂಥ ಕೋಡ್ ಅನ್ನು ಸಮಯಕ್ಕೆ ಸರಿಯಾಗಿ ಅಳಿಸುವ ಹೊಣೆ ಅದನ್ನು ಬರೆದವರ ಮತ್ತು ನೋಡಿಕೊಳ್ಳುವವರ ಮೇಲೆಯೇ ಇರುತ್ತದೆ.